ಪದವಿಗೊಂದು ಪದ

ಮೇ ತಿಂಗಳ ಕೊನೆಯ ಎರಡು ವಾರ ಲಿಟಲ್ ಎಲ್ಮ್, ಫ್ರಿಸ್ಕೊ, ಪ್ರಾಸ್ಪರ್ ಕಡೆಯ ಕನ್ನಡದ ಮನೆಗಳಲ್ಲಿ ಗ್ರಾಜುಯೇಷನ್ ಪಾರ್ಟಿಗಳ ಸುಗ್ಗಿ. ಮನೆ ಮುಂದಿನ ಹುಲ್ಲಿನಲ್ಲಿ ಮಗುವಿನ ಹೆಸರು ಬರೆದ ಫಲಕ, ಗ್ಯಾರೇಜಿನಲ್ಲಿ ಅಲ್ಯೂಮಿನಿಯಂ ಟ್ರೇಗಳ ತುಂಬ ಬಿಸಿಬೇಳೆಬಾತ್, ಮೊಸರನ್ನ. ಒಳಗೆ ಹಿರಿಯರು ಯಾವ ಕಾಲೇಜು, ಯಾವ ಮೇಜರ್ ಎಂದು ವಿಚಾರಿಸುತ್ತಿರುತ್ತಾರೆ. ಹಿತ್ತಲಲ್ಲಿ ಮಕ್ಕಳ ಸ್ಪೀಕರಿನಿಂದ ರ‍್ಯಾಪ್ ಹೊರಡುತ್ತಿರುತ್ತದೆ. ಬಾಲ್ಯದ ಫೋಟೋಗಳ ಸ್ಲೈಡ್ ಷೋಗೆ ಹಿನ್ನೆಲೆಯೂ ಅದೇ. ಹೆಚ್ಚಿನವು ಏನೂ ಇಲ್ಲದಲ್ಲಿಂದ ಹೊರಟು ಎಲ್ಲವನ್ನೂ ಗೆದ್ದೆ ಎನ್ನುವ ಧಾಟಿಯ ಹಾಡುಗಳು. ನಾಲ್ಕು ಕೋಣೆಯ ಮನೆ, ಎರಡು ಸಂಬಳ, ಹುಟ್ಟಿದಾಗಲೇ ತೆರೆದ ಕಾಲೇಜು ಉಳಿತಾಯ ಖಾತೆ ಇರುವ ಮಗು ಆ ಹಾಡಿಗೆ ಕುಣಿಯುವಾಗ ಲೆಕ್ಕಿಗನಾದ ನನಗೆ ಒಂದು ಅನುಮಾನ ಬರುತ್ತದೆ: ಇಲ್ಲಿ ಆರಂಭಿಕ ಶಿಲ್ಕು ಸರಿಯಾಗಿ ನಮೂದಾಗಿಲ್ಲ.

ಈ ಸಂಗೀತದ ಬಗ್ಗೆ ನಮ್ಮ ಹಿರಿಯರಲ್ಲಿ ಎರಡು ಬಣ. ಒಂದು ಬಣಕ್ಕೆ ಅದು ಸಂಗೀತವೇ ಅಲ್ಲ, ಬೈಗುಳಕ್ಕೆ ಡೋಲು ಬಡಿದ ಹಾಗೆ. ಇನ್ನೊಂದು ಬಣಕ್ಕೆ ಮಕ್ಕಳು ಇಷ್ಟಪಡುತ್ತಾರಾದ್ದರಿಂದ ಅದು ಸ್ಫೂರ್ತಿ. ಅರ್ಥ ವಿಚಾರಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಎರಡೂ ಬಣದವರು ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ. ಶಾಲೆ ಮುಗಿಸಿ ಹೊಸ್ತಿಲು ದಾಟುವ ಹದಿನೆಂಟರ ಮಗುವಿಗೆ, ಕಾಲೇಜು ಮುಗಿಸಿ ಕೆಲಸದ ಪತ್ರಕ್ಕೆ ಸಹಿ ಹಾಕುವ ಇಪ್ಪತ್ತೆರಡರ ಮಗುವಿಗೆ ಹಿಪ್‌ಹಾಪ್ ನಿಜವಾಗಿ ಕೊಡುವುದೇನು? ಕೊಡುವುದು ಬಹಳವಿದೆ ಎಂದೇ ನನ್ನ ಅಭಿಪ್ರಾಯ. ಆದರೆ ನಾವು ಪಾರ್ಟಿಗೆ ಆರಿಸುವ ಗೆಲುವಿನ ಹಾಡುಗಳಲ್ಲಿ ಅದು ಕಡಿಮೆ. ಆ ಸಂಗೀತವನ್ನು ಕಟ್ಟಿದವರ ಕೆಲಸದಲ್ಲಿ, ಅವರು ಕಳೆದುಕೊಂಡದ್ದರಲ್ಲಿ ಹೆಚ್ಚು. ಅದಕ್ಕೆ ಬೇಕಾದ ಉದಾಹರಣೆಗಳು ನಾವಿರುವ ಈ ಟೆಕ್ಸಸ್ಸಿನಲ್ಲೇ ಸಿಗುತ್ತವೆ.

ಮೊದಲು ಮೂಲದ ಮಾತು. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಸೆಡ್ಜ್‌ವಿಕ್ ಅವೆನ್ಯೂದ 1520ನೇ ನಂಬರಿನ ಕಟ್ಟಡದಲ್ಲಿ ಸಿಂಡಿ ಕ್ಯಾಂಬೆಲ್ ಎಂಬ ಹುಡುಗಿ ಒಂದು ಪಾರ್ಟಿ ಇಟ್ಟುಕೊಂಡಳು. ಉದ್ದೇಶ, ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆಗೆ ದುಡ್ಡು ಹೊಂದಿಸುವುದು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಪ್ರವೇಶ. ರೆಕಾರ್ಡ್ ಹಾಕಿದವನು ಅವಳ ಅಣ್ಣ ಕ್ಲೈವ್; ಮುಂದೆ ಡಿಜೆ ಕೂಲ್ ಹರ್ಕ್ ಎಂದು ಹೆಸರಾದವನು. ಒಂದೇ ಹಾಡಿನ ಎರಡು ರೆಕಾರ್ಡ್ ಇಟ್ಟುಕೊಂಡು, ಜನ ಹುಚ್ಚೆದ್ದು ಕುಣಿಯುವ ತಾಳವಾದ್ಯದ ತುಣುಕನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸಿ ಹಿಗ್ಗಿಸುವುದು ಅವನು ರೂಢಿಸಿದ ವಿದ್ಯೆ. ಹಿಪ್‌ಹಾಪ್‌ನ ಹುಟ್ಟು ಎಂದು ಲೋಕ ಆಚರಿಸುವ ದಿನ ಇದು. ಅಂದರೆ ಈ ಸಂಗೀತದ ಜಮಾ-ಖರ್ಚಿನ ಪುಸ್ತಕದಲ್ಲಿ ಮೊದಲ ನಮೂದೇ ಶಾಲೆಯ ಖರ್ಚು. ಓದಿಗೂ ಇದಕ್ಕೂ ಎಣ್ಣೆ-ಸೀಗೆಕಾಯಿ ಎನ್ನುವ ಹಿರಿಯರು ಇದನ್ನು ಗಮನಿಸಬೇಕು.

ವಿದ್ಯಾಲಯಗಳು ಈ ನಂಟನ್ನು ಗುರುತಿಸಿ ಬಹಳ ವರ್ಷವಾಯಿತು. ಹಾರ್ವರ್ಡ್‌ನಲ್ಲಿ 2002ರಲ್ಲಿ ಹಿಪ್‌ಹಾಪ್ ಸಂಗ್ರಹಾಲಯ ಶುರುವಾಯಿತು. ಕೆಂಡ್ರಿಕ್ ಲಮಾರ್‌ಗೆ 2018ರಲ್ಲಿ ಸಂಗೀತದ ಪುಲಿಟ್ಜರ್ ಬಂತು. ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾಲಯದಲ್ಲಿ ಪೋರ್ಟ್ ಆರ್ಥರ್ ಊರಿನ ರ‍್ಯಾಪರ್ ಬನ್ ಬಿ, ಪ್ರೊಫೆಸರ್ ಆಂಥನಿ ಪಿನ್ ಅವರ ಜೊತೆಗೂಡಿ 2011ರಲ್ಲಿ ಧರ್ಮ ಮತ್ತು ಹಿಪ್‌ಹಾಪ್ ಕುರಿತು ಪಾಠ ಮಾಡಿದರು. ಘಟಿಕೋತ್ಸವಗಳಿಗೆ ರ‍್ಯಾಪರುಗಳನ್ನು ಕರೆದು ಗೌರವ ಡಾಕ್ಟರೇಟ್ ಕೊಡುವುದೂ ರೂಢಿಯಾಯಿತು. ಕೊಟ್ಟದ್ದನ್ನು ವಾಪಸು ಪಡೆದದ್ದೂ ಆಯಿತು. ಹೋವರ್ಡ್ ವಿಶ್ವವಿದ್ಯಾಲಯ 2014ರಲ್ಲಿ ಶಾನ್ ಕೋಂಬ್ಸ್‌ಗೆ ಕೊಟ್ಟ ಗೌರವವನ್ನು 2024ರಲ್ಲಿ ಹಿಂದಕ್ಕೆ ಪಡೆಯಿತು. ಷಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟ್ ಶಾಲೆ 2015ರಲ್ಲಿ ಕಾನ್ಯೆ ವೆಸ್ಟ್‌ಗೆ ಕೊಟ್ಟದ್ದನ್ನು 2022ರಲ್ಲಿ ರದ್ದು ಮಾಡಿತು. ಇದರಿಂದ ನಾನು ಕಲಿತ ಪಾಠ ಸರಳ. ಮನುಷ್ಯನನ್ನು ಇಡಿಯಾಗಿ ಆದರ್ಶವೆಂದು ಕೊಳ್ಳುವುದು ನಷ್ಟದ ಹೂಡಿಕೆ. ಅವನ ಕೆಲಸದಲ್ಲಿ ಬೆಲೆಯುಳ್ಳದ್ದು ಯಾವುದು ಎಂದು ಬಿಡಿಸಿ ನೋಡಿ ಅಷ್ಟನ್ನೇ ತೆಗೆದುಕೊಳ್ಳಬೇಕು.

ಕಾನ್ಯೆ ವೆಸ್ಟ್‌ನ ಮೊದಲ ಮೂರು ಆಲ್ಬಂಗಳ ಹೆಸರೇ ಈ ವಿಷಯಕ್ಕೆ ಸೇರಿದ್ದು: 'ದಿ ಕಾಲೇಜ್ ಡ್ರಾಪ್‌ಔಟ್' (2004), 'ಲೇಟ್ ರಿಜಿಸ್ಟ್ರೇಷನ್' (2005), 'ಗ್ರಾಜುಯೇಷನ್' (2007). ಇಂಗ್ಲಿಷ್ ಪ್ರೊಫೆಸರ್ ಒಬ್ಬರ ಮಗ ಕಾಲೇಜು ಬಿಟ್ಟು ಬರೆದ ಹಾಡುಗಳಿವು. ಮೊದಲನೆಯದರಲ್ಲಿ ಹಾಡುಗಳ ನಡುವೆ ಬರುವ ಹಾಸ್ಯದ ತುಣುಕುಗಳು ಪದವಿಯ ಮೇಲೆ ಪದವಿ ಪೇರಿಸಿದರೂ ಬರಿಗೈಯಲ್ಲಿ ಉಳಿದವರ ಕಥೆ ಹೇಳುತ್ತವೆ. ಪದವಿ ಎಂಬ ವಾಗ್ದಾನವನ್ನು ಅನುಮಾನಿಸುವ ಚುರುಕು, ತಾಯಿಯ ಮನೆಯನ್ನು ಮರೆಯದ ಮನಸ್ಸು ಅಲ್ಲಿವೆ. ಮೂರನೆಯದರ ಹೊತ್ತಿಗೆ ಹಾಡು ದೊಡ್ಡ ಕ್ರೀಡಾಂಗಣದ ಅಳತೆಗೆ ಹಿಗ್ಗಿದೆ. ಸದ್ದು ಭವ್ಯವಾಗಿದೆ, ಹಾಡುವವನು ಮಾತ್ರ ತನ್ನ ಎತ್ತರವನ್ನೇ ನೋಡಿಕೊಳ್ಳುತ್ತಿದ್ದಾನೆ. ಸಂಗೀತದ ಕಸುಬಿನಲ್ಲಿ ಮೂರನೆಯದು ಕಡಿಮೆಯೇನಲ್ಲ. ಆದರೆ ಪದವೀಧರನಿಗೆ ಕೈಯಲ್ಲಿಡಲು ನಾನು ಆರಿಸುವುದು ಮೊದಲನೆಯದನ್ನು. ನಮ್ಮ ಪಾರ್ಟಿಗಳು ಸಾಮಾನ್ಯವಾಗಿ ಮೂರನೆಯದನ್ನು ಆರಿಸುತ್ತವೆ. ನಮಗೆ ಪ್ರಶ್ನೆ ಬೇಡ, ಪಟಾಕಿ ಸಾಕು.

ಟೆಕ್ಸಸ್ಸಿನ ಮಾತಿಗೆ ಬರೋಣ. ರಾಬರ್ಟ್ ಅರ್ಲ್ ಡೇವಿಸ್ 1971ರಲ್ಲಿ ಹುಟ್ಟಿದ್ದು ಆಸ್ಟಿನ್‌ಗೆ ಹತ್ತಿರದ ಸ್ಮಿತ್‌ವಿಲ್‌ನಲ್ಲಿ. ಹೆಸರಾದದ್ದು ಹ್ಯೂಸ್ಟನ್ನಿನ ದಕ್ಷಿಣ ಭಾಗದಲ್ಲಿ, ಡಿಜೆ ಸ್ಕ್ರೂ ಎಂದು. ಇಡೀ ದೇಶದ ಸಂಗೀತ ವೇಗ ಹೆಚ್ಚಿಸಿಕೊಳ್ಳುತ್ತಿದ್ದಾಗ ಈತ ಹಾಡನ್ನು ನಿಧಾನ ಮಾಡಿದ. ಧ್ವನಿ ಆಳಕ್ಕಿಳಿಯುವವರೆಗೆ ವೇಗ ತಗ್ಗಿಸಿ, ಒಂದು ಪದವನ್ನು ಕತ್ತರಿಸಿ ಎರಡು ಸಲ, ಮೂರು ಸಲ ಕೇಳಿಸುವುದು ಅವನ ಶೈಲಿ. ಶಾಸ್ತ್ರೀಯ ಸಂಗೀತದ ವಿಳಂಬ ಗತಿಗೆ ಪಳಗಿದ ನಮ್ಮ ಕಿವಿಗೆ ಇದು ಬೇಗ ಒಗ್ಗಬೇಕು. ಬಡಾ ಖ್ಯಾಲಿನಲ್ಲಿ ಒಂದು ಸಾಲನ್ನು ಎಷ್ಟು ಹೊತ್ತು ಹಿಡಿದು ಸವಿಯುತ್ತೇವೋ ಹಾಗೆಯೇ ಇಲ್ಲಿಯೂ ಕೇಳುಗನಿಗೆ ಪ್ರತಿ ಮಾತಿನ ಮೇಲೆ ಕೂರಲು ಜಾಗ ಸಿಗುತ್ತದೆ. ಮನೆಯಲ್ಲೇ ಕ್ಯಾಸೆಟ್ ಮಾಡಿ, ಮನೆ ಬಾಗಿಲಲ್ಲೇ ಮಾರಿ, ಕೊನೆಗೆ 1998ರಲ್ಲಿ ಸ್ವಂತ ಅಂಗಡಿ ತೆರೆದ. ಗೆಳೆಯರು ತಮ್ಮ ಮೆಚ್ಚಿನ ಹಾಡುಗಳ ಪಟ್ಟಿ ಕೊಟ್ಟರೆ ಅವರಿಗೆಂದೇ ಒಂದು ಕ್ಯಾಸೆಟ್ ತಯಾರಾಗುತ್ತಿತ್ತು. ಓಣಿಯ ಹುಡುಗರು ಸರದಿಯಲ್ಲಿ ಮೈಕ್ ಹಿಡಿದು ಆಶುವಾಗಿ ಹಾಡುತ್ತಿದ್ದರು. ಇಂದು ಆ ಸಂಗ್ರಹದ ಸಾವಿರಕ್ಕೂ ಹೆಚ್ಚು ರೆಕಾರ್ಡ್‌ಗಳು ಹ್ಯೂಸ್ಟನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ.

ಹಾಗೆ ಮೈಕ್ ಹಿಡಿದವರಲ್ಲಿ ಬಿಗ್ ಫ್ಲಾಯ್ಡ್ ಎಂಬ ಎತ್ತರದ ಯುವಕನೂ ಒಬ್ಬ. ಹಿಪ್‌ಹಾಪ್ ಹುಟ್ಟಿದ 1973ರಲ್ಲೇ ಹುಟ್ಟಿದವನು. ಹ್ಯೂಸ್ಟನ್ನಿನ ಥರ್ಡ್ ವಾರ್ಡ್‌ನ ಜಾಕ್ ಯೇಟ್ಸ್ ಹೈಸ್ಕೂಲಿನಲ್ಲಿ ಫುಟ್‌ಬಾಲ್ ಆಡಿ 1993ರಲ್ಲಿ ಶಾಲೆ ಮುಗಿಸಿದ. ಆಟದ ಬಲದಿಂದ ಕಾಲೇಜಿಗೆ ಹೋದ, ಪದವಿ ಮುಗಿಸದೆ ಮರಳಿದ. ಜಗತ್ತು ಅವನ ಪೂರ್ತಿ ಹೆಸರನ್ನು ಕೇಳಿದ್ದು 2020ರ ಮೇ 25ರಂದು, ಮಿನಿಯಾಪೊಲಿಸ್‌ನಲ್ಲಿ ಪೊಲೀಸನ ಮೊಣಕಾಲಿನ ಕೆಳಗೆ ಜಾರ್ಜ್ ಫ್ಲಾಯ್ಡ್ ಉಸಿರು ನಿಂತಾಗ. ಸಾವಿನ ಕ್ಷಣದ ವಿಡಿಯೋ ಎಲ್ಲರ ಬಳಿಯೂ ಇದೆ. ಅವನು ಗೆಳೆಯರ ನಡುವೆ ಹರೆಯದ ಹುರುಪಿನಲ್ಲಿ ಹಾಡಿದ ದನಿ ಸ್ಕ್ರೂನ ಕ್ಯಾಸೆಟ್ಟುಗಳಲ್ಲಿ ಉಳಿದಿದೆ. ಮೇ ತಿಂಗಳಲ್ಲಿ ಗೌನು ತೊಟ್ಟ ಮಕ್ಕಳಿಗೆ ಗೆದ್ದವರ ಹಾಡನ್ನಷ್ಟೇ ಕೇಳಿಸುವ ನಾವು ಈ ದನಿಯನ್ನೂ ಕೇಳಿಸಬೇಕು. ಎಲ್ಲರ ಪ್ರಯತ್ನಕ್ಕೂ ಒಂದೇ ಫಲ ಸಿಗುವುದಿಲ್ಲ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಘಟಿಕೋತ್ಸವದ ಭಾಷಣವೂ ಹೇಳಲಾರದು.

ನಮ್ಮ ಡಾಲಸ್ಸಿಗೂ ಒಂದು ಕಥೆಯಿದೆ. ದಿ ಡಿ.ಒ.ಸಿ. ಎಂಬ ಹೆಸರಿನ ಟ್ರೇಸಿ ಕರಿ ಇಲ್ಲಿನವರು. ಲಾಸ್ ಏಂಜಲೀಸ್‌ಗೆ ಹೋಗಿ ಎನ್.ಡಬ್ಲ್ಯು.ಎ. ತಂಡಕ್ಕೆ ಸಾಹಿತ್ಯ ಬರೆದರು. 1989ರಲ್ಲಿ ಅವರ ಸ್ವಂತ ಆಲ್ಬಂ ಬಂದು ಗೆದ್ದಿತು. ಅದೇ ವರ್ಷದ ನವೆಂಬರಿನಲ್ಲಿ ಕಾರು ಅಪಘಾತವಾಗಿ ಗಂಟಲು ನಜ್ಜುಗುಜ್ಜಾಯಿತು. ಆ ಧ್ವನಿ ಮತ್ತೆ ಬರಲಿಲ್ಲ. ಇಪ್ಪತ್ತೊಂದರ ಆಸುಪಾಸಿನಲ್ಲಿ, ಅಂದರೆ ನಮ್ಮ ಮಕ್ಕಳು ಪದವಿ ಪಡೆಯುವ ವಯಸ್ಸಿನಲ್ಲಿ, ಹಾಡುಗಾರನ ಕಂಠ ಹೋಯಿತು. ಆತ ಬರೆಯುವುದನ್ನು ಬಿಡಲಿಲ್ಲ. 1992ರಲ್ಲಿ ಡಾಕ್ಟರ್ ಡ್ರೇ ಹೊರತಂದ 'ದಿ ಕ್ರಾನಿಕ್' ಆಲ್ಬಂನ ಹಾಡುಗಳ ಹಿಂದೆ ಅವರ ಲೇಖನಿಯೂ ಇದೆ. ಕೇಳುಗರು ಕೊಂಡಾಡಿದ ಎಷ್ಟೋ ಸಾಲುಗಳನ್ನು ಬೇರೆಯವರ ಬಾಯಲ್ಲಿ ಕೇಳುತ್ತ ಬದುಕುವುದು ಸಣ್ಣ ಶಿಕ್ಷೆಯಲ್ಲ. ಆದರೂ ಕಂಠ ಬೇರೆ, ಕಸುಬು ಬೇರೆ. ಒಂದು ಹೋದರೂ ಇನ್ನೊಂದನ್ನು ಉಳಿಸಿಕೊಳ್ಳಬಹುದು ಎಂದು ಅವರ ಬದುಕು ತೋರಿಸಿತು. ಬಯಸಿದ ಕಾಲೇಜು ಸಿಗದೆ, ಬಯಸಿದ ಕೆಲಸ ಕೈತಪ್ಪಿ ಕುಗ್ಗಿದ ಮಗುವಿಗೆ ನಾನು ಹೇಳುವ ಕಥೆ ಇದು.

ಈಗ ನನ್ನ ಕಸುಬಿನ ಮಾತು. ಹಿಪ್‌ಹಾಪ್ ಸಾಹಿತ್ಯದಲ್ಲಿ ಕರಾರಿನ ವಿಷಯ ಬರುವಷ್ಟು ಬೇರೆ ಯಾವ ಜನಪ್ರಿಯ ಸಂಗೀತದಲ್ಲೂ ಬರುವುದನ್ನು ನಾನು ಕಂಡಿಲ್ಲ. ಮುಂಗಡ, ರಾಯಲ್ಟಿ, ಮಾಸ್ಟರ್ ಧ್ವನಿಮುದ್ರಿಕೆಯ ಒಡೆತನ ಇವೆಲ್ಲ ಅಲ್ಲಿ ಹಾಡಿನ ವಸ್ತು. ಕಾರಣ ತಿಳಿಯಲು ಒಂದು ಲೆಕ್ಕ ಹಾಕೋಣ. ಕಂಪನಿ ಹುಡುಗನಿಗೆ 1,00,000 ಡಾಲರ್ ಮುಂಗಡ ಕೊಡುತ್ತದೆ, ಅವನ ಪಾಲು ಶೇಕಡ 15 ಎನ್ನಿ. ಹಾಡುಗಳಿಂದ 4,00,000 ಡಾಲರ್ ಬಂತು. ಅವನ ಪಾಲಿನ 60,000 ಡಾಲರ್ ಅವನ ಕೈಗೆ ಬರುವುದಿಲ್ಲ, ಮುಂಗಡದ ಬಾಬ್ತು ಜಮಾ ಆಗುತ್ತದೆ. ಖಾತೆಯಲ್ಲಿ ಇನ್ನೂ 40,000 ಡಾಲರ್ ಬಾಕಿ. ಕಂಪನಿಯ ಬಳಿ ಮುಂಗಡ ಕಳೆದು, ತನ್ನ ಖರ್ಚಿಗೆ ಮುಂಚೆ, 3,00,000 ಡಾಲರ್ ಇದೆ. ಸ್ಟುಡಿಯೋ ಖರ್ಚನ್ನೂ ಹುಡುಗನ ಖಾತೆಗೆ ಬರೆದರೆ ಬಾಕಿ ಇನ್ನೂ ಬೆಳೆಯುತ್ತದೆ. ಊರೆಲ್ಲ ಅವನ ಹಾಡು ಕೇಳುತ್ತಿರುತ್ತದೆ, ಅಢಾವೆ ಪತ್ರಿಕೆಯಲ್ಲಿ ಮಾತ್ರ ಅವನು ಸಾಲಗಾರ. ಹಾಡಿನ ಒಡೆತನವೂ ಕಂಪನಿಯದು. ಈ ಅನುಭವದಿಂದಲೇ ಹ್ಯೂಸ್ಟನ್ನಿನ ರ‍್ಯಾಪರುಗಳಲ್ಲಿ ಅನೇಕರು ಸ್ವಂತ ಕಂಪನಿ, ಸ್ವಂತ ಮಾರಾಟದ ದಾರಿ ಹಿಡಿದರು.

ಇದು ನಮ್ಮ ಮಕ್ಕಳಿಗೆ ದೂರದ ಕಥೆಯಲ್ಲ. ಕಾಲೇಜು ಮುಗಿಸಿ ಬರುವ ಕೆಲಸದ ಪತ್ರದಲ್ಲೂ ಇದೇ ಯಂತ್ರವಿದೆ. ಸೈನಿಂಗ್ ಬೋನಸ್ ಎಂದರೆ ಅದೂ ಒಂದು ಮುಂಗಡ. ಒಂದೋ ಎರಡೋ ವರ್ಷದೊಳಗೆ ಬಿಟ್ಟರೆ ಮರಳಿಸಬೇಕು. ತೆರಿಗೆ ಕಳೆದು ಕೈಗೆ ಬಂದ ಮೊತ್ತವನ್ನೋ, ಕಾಗದದ ಮೇಲಿನ ಪೂರ್ತಿ ಮೊತ್ತವನ್ನೋ ಎಂಬುದು ಸಣ್ಣಕ್ಷರದಲ್ಲಿರುತ್ತದೆ. ಷೇರು ಕೊಡುತ್ತೇವೆ ಎಂದರೂ ಸಾಮಾನ್ಯವಾಗಿ ನಾಲ್ಕು ವರ್ಷಕ್ಕೆ ಹರಡಿ, ಮೊದಲ ವರ್ಷ ಮುಗಿಯುವವರೆಗೆ ಒಂದೂ ಕೈಗೆ ಬಾರದಂತೆ ಕಟ್ಟಿರುತ್ತಾರೆ. ಶಿಕ್ಷಣ ಸಾಲವಂತೂ ದಿವಾಳಿ ಅರ್ಜಿಯಿಂದಲೂ ಸುಲಭವಾಗಿ ಕರಗುವಂಥದ್ದಲ್ಲ. ರ‍್ಯಾಪ್‌ನಿಂದ ಕಲಿಯಬೇಕಾದ್ದು ಕೊರಳಿನ ಚಿನ್ನದ ಸರಪಳಿಯನ್ನಲ್ಲ, ಸಹಿ ಹಾಕುವ ಮುಂಚೆ ಓದುವ ಅಭ್ಯಾಸವನ್ನು. ಅವರು ಸುಟ್ಟುಕೊಂಡು ಕಲಿತದ್ದನ್ನು ನಮ್ಮ ಮಕ್ಕಳು ಹಾಡಿನಲ್ಲಿ ಪುಕ್ಕಟೆ ಕಲಿಯಬಹುದು.

ಕನ್ನಡದ ಹಿರಿಯರಿಗೆ ಇದು ಪರಕೀಯ ಎನ್ನಿಸಬೇಕಾಗಿಲ್ಲ. ಉತ್ತರ ಕರ್ನಾಟಕದ ಹರದೇಶಿ-ನಾಗೇಶಿ ಮೇಳಗಳನ್ನು ನೆನೆಯಿರಿ. ಒಂದು ಪಕ್ಷ ಗಂಡು ಹೆಚ್ಚು ಎಂದು, ಇನ್ನೊಂದು ಹೆಣ್ಣು ಹೆಚ್ಚು ಎಂದು ರಾತ್ರಿಯಿಡೀ ಸವಾಲು-ಜವಾಬು ಹಾಡಿ ಎದುರಾಳಿಯನ್ನು ಕೆಣಕುತ್ತವೆ. ಪುರಾಣ ಗೊತ್ತಿಲ್ಲದವನು, ಪ್ರಾಸ ಕೈಕೊಟ್ಟವನು ಜನರ ಮುಂದೆ ಸೋಲುತ್ತಾನೆ. ಬ್ರಾಂಕ್ಸ್‌ನ ಮೈಕಿನ ಕಾಳಗವನ್ನು ವಿಜಯಪುರದ ರೈತ ಒಂದು ನಿಮಿಷದಲ್ಲಿ ಅರ್ಥಮಾಡಿಕೊಂಡಾನು. ವ್ಯತ್ಯಾಸವೂ ಇದೆ. ನಮ್ಮ ವಚನಕಾರರು, ದಾಸರು ಅಂಕಿತದಲ್ಲಿ ದೇವರ ಹೆಸರಿಟ್ಟು ತಮ್ಮ ಹೆಸರನ್ನು ಹಿಂದೆ ಸರಿಸಿದರು. ರ‍್ಯಾಪರ್ ತನ್ನ ಹೆಸರನ್ನೇ ಕೂಗಿ ಕೂಗಿ ಹೇಳುತ್ತಾನೆ. ಇದನ್ನು ಬರಿಯ ಅಹಂಕಾರ ಎಂದುಬಿಡುವುದು ಅವಸರದ ತೀರ್ಪು. ಗುಲಾಮಗಿರಿಯಲ್ಲಿ ಹೆಸರನ್ನೇ ಕಳೆದುಕೊಂಡವರ ವಂಶದವರಿಗೆ ಹೆಸರು ಹೇಳಿಕೊಳ್ಳುವುದೇ ಒಂದು ಹಕ್ಕುಪತ್ರ. ಇದನ್ನು ಕನ್ನಡದಲ್ಲಿ ನಮಗೆ ತಿಳಿಸಿಕೊಟ್ಟವರು ಸಿದ್ಧಲಿಂಗಯ್ಯ. 1975ರಲ್ಲಿ 'ಹೊಲೆಮಾದಿಗರ ಹಾಡು' ಬಂದಾಗ ಅವರಿಗೆ ಇಪ್ಪತ್ತೊಂದರ ಸುಮಾರು ವಯಸ್ಸು. ಸಮಾಜ ಬೈಗುಳದಂತೆ ಬಳಸಿದ ಹೆಸರುಗಳನ್ನೇ ಪುಸ್ತಕದ ತಲೆಯ ಮೇಲಿಟ್ಟರು. ಆ ಪದ್ಯಗಳನ್ನು ದಲಿತ ಚಳವಳಿಯ ಮೆರವಣಿಗೆಗಳು ಹಾಡಿದವು. ಹಿಪ್‌ಹಾಪ್‌ಗೆ ನಮ್ಮಲ್ಲಿ ಹತ್ತಿರದ ನೆಂಟ ಯಾರೆಂದರೆ ಸಿನಿಮಾದ ಪಾರ್ಟಿ ಹಾಡಿಗಿಂತ ಮೊದಲು ನಾನು ಇದನ್ನು ಹೆಸರಿಸುತ್ತೇನೆ.

ಈಗಿನ ಮಕ್ಕಳು ತಂದೆತಾಯಿಯ ಎದುರು ಇಡುವ ಉದಾಹರಣೆ ಹನುಮಾನ್‌ಕೈಂಡ್. ಕೇರಳದಲ್ಲಿ ಹುಟ್ಟಿ, ಬಾಲ್ಯವನ್ನು ಹ್ಯೂಸ್ಟನ್ನಿನಲ್ಲಿ ಕಳೆದು, ಬೆಂಗಳೂರಿನಲ್ಲಿ ನೆಲೆಸಿ ಹೆಸರಾದ ರ‍್ಯಾಪರ್ ಸೂರಜ್ ಚೆರುಕಾಟ್. 2024ರ 'ಬಿಗ್ ಡಾಗ್ಸ್' ಹಾಡು ಜಾತ್ರೆಯ ಮೃತ್ಯುಕೂಪದಲ್ಲಿ ಚಿತ್ರಿಸಿದ ವಿಡಿಯೋದೊಂದಿಗೆ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಗೇರಿತು. ನೋಡಿ, ಅವನೂ ಕಂಪನಿ ಕೆಲಸ ಬಿಟ್ಟ ಎನ್ನುತ್ತಾರೆ ಮಕ್ಕಳು. ಬಿಟ್ಟದ್ದು ನಿಜ. ಆದರೆ ಕೊಯಮತ್ತೂರಿನಲ್ಲಿ ಪದವಿ ಮುಗಿಸಿ, ಬೆಂಗಳೂರಿನಲ್ಲಿ ಕೆಲಸ ಮಾಡುತ್ತ ಸಣ್ಣ ವೇದಿಕೆಗಳಲ್ಲಿ ಹಾಡಿ, ಮೊದಲ ಇ.ಪಿ. 'ಕಳರಿ' 2019ರಲ್ಲಿ ಬಂದ ಮೇಲೂ ಐದು ವರ್ಷ ಕಾದದ್ದೂ ನಿಜ. ಕಥೆಯ ಒಂದೇ ಕಂಬಸಾಲನ್ನು ಓದಿ ಲಾಭ-ನಷ್ಟ ತೀರ್ಮಾನಿಸಬಾರದು.

ನನ್ನ ಮನಸ್ಸಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಹ್ಯೂಸ್ಟನ್ನಿನ ಮೆಗನ್ ದಿ ಸ್ಟಾಲಿಯನ್. ಹಾಡುಗಳ ಮಡಿವಂತಿಕೆಯ ಬಗ್ಗೆ ನಾನು ಜಾಮೀನು ಕೊಡಲಾರೆ. ಅವನ್ನು ಮಕ್ಕಳ ಜೊತೆ ಕೂತು ಕೇಳುವುದು ಮುಜುಗರವೇ. 2019ರಲ್ಲಿ ತಾಯಿ ತೀರಿಕೊಂಡರು. 2020ರಲ್ಲಿ ಸಹಗಾಯಕನೊಬ್ಬ ಪಾದಗಳಿಗೆ ಗುಂಡು ಹಾರಿಸಿದ. ದೂರು ಹೇಳಿದ್ದಕ್ಕೆ ಹಿಪ್‌ಹಾಪ್ ಲೋಕದ ಒಂದು ಪಾಲು ಆಕೆಯನ್ನೇ ಗೇಲಿ ಮಾಡಿತು. ನ್ಯಾಯಾಲಯ ಆತನನ್ನು ಅಪರಾಧಿ ಎಂದದ್ದು 2022ರ ಡಿಸೆಂಬರಿನಲ್ಲಿ. ಈ ನಡುವೆ, 2021ರ ಡಿಸೆಂಬರಿನಲ್ಲಿ, ಗ್ರ್ಯಾಮಿಗಳನ್ನು ಗೆದ್ದಾದ ಮೇಲೆ, ಟೆಕ್ಸಸ್ ಸದರ್ನ್ ವಿಶ್ವವಿದ್ಯಾಲಯದಿಂದ ಆರೋಗ್ಯ ಆಡಳಿತದ ಪದವಿಯನ್ನು ಆಕೆ ಮುಗಿಸಿದರು. ದುಡ್ಡಿಗೆ ಆ ಪದವಿ ಬೇಕಾಗಿರಲಿಲ್ಲ. ತಾಯಿಗಾಗಿ ಮುಗಿಸುತ್ತೇನೆ ಎಂದಿದ್ದರು, ಮುಗಿಸಿದರು.

ಈ ಕಥೆ ಹಿಪ್‌ಹಾಪ್‌ನ ಖರ್ಚಿನ ಬದಿಯನ್ನೂ ತೆರೆಯುತ್ತದೆ. ಹೆಣ್ಣನ್ನು ಹೀನಾಯವಾಗಿ ಕಾಣುವ ಮಾತು ಅಲ್ಲಿ ಧಾರಾಳ. ಹ್ಯೂಸ್ಟನ್ನಿನ ಹಾಡುಗಳು ಕೊಂಡಾಡಿದ ಕೊಡೀನ್ ಬೆರೆತ ಕೆಮ್ಮಿನ ಸಿರಪ್ಪು ಡಿಜೆ ಸ್ಕ್ರೂನನ್ನೇ 2000ದ ನವೆಂಬರಿನಲ್ಲಿ, 29ರ ವಯಸ್ಸಿನಲ್ಲಿ ಬಲಿ ತೆಗೆದುಕೊಂಡಿತು. ಅವನ ಬಳಗದ ಫ್ಯಾಟ್ ಪ್ಯಾಟ್ 1998ರಲ್ಲಿ, ಪ್ಯಾಟ್‌ನ ಸೋದರ ಬಿಗ್ ಹಾಕ್ 2006ರಲ್ಲಿ ಗುಂಡಿಗೆ ಬಲಿಯಾದರು. 2021ರ ನವೆಂಬರಿನಲ್ಲಿ ಟ್ರಾವಿಸ್ ಸ್ಕಾಟ್‌ನ ಆಸ್ಟ್ರೋವರ್ಲ್ಡ್ ಉತ್ಸವದ ನೂಕುನುಗ್ಗಲಿನಲ್ಲಿ ಹತ್ತು ಜನ ಸತ್ತರು, ಬಹುತೇಕರು ಹರೆಯದವರು. ಸ್ಫೂರ್ತಿ ಎಂದು ಮಾರುವವರು ಈ ನಮೂದುಗಳನ್ನು ಹಾರಿಸಿಬಿಡುತ್ತಾರೆ. ಬೈಯುವವರು ಇವನ್ನಷ್ಟೇ ಓದುತ್ತಾರೆ. ಎರಡೂ ಬದಿ ಕೂಡಿಸದೆ ತಾಳೆ ನೋಡಿದೆವು ಎನ್ನುವಂತಿಲ್ಲ.

ಕೊನೆಯದಾಗಿ, ನಮಗೇ ತಟ್ಟುವ ಮಾತು. ಟೆಕ್ಸಸ್ಸಿನಲ್ಲಿ 1997ರ ಕಾನೂನಿನ ಪ್ರಕಾರ ಪ್ರತಿ ಹೈಸ್ಕೂಲಿನ ಮೊದಲ ಶೇಕಡ 10ರ ಮಕ್ಕಳಿಗೆ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ. ಆಸ್ಟಿನ್‌ನ ವಿಶ್ವವಿದ್ಯಾಲಯ ಅದನ್ನು ಶೇಕಡ 6ಕ್ಕೆ, 2026ರಿಂದ ಶೇಕಡ 5ಕ್ಕೆ ಇಳಿಸಿದೆ. ನಮ್ಮ ಕಡೆಯ ಪೋಷಕರು ಇದರ ಬಗ್ಗೆ ಗೊಣಗುವುದನ್ನು ಎಲ್ಲ ಸಮಾರಂಭದಲ್ಲೂ ಕೇಳಬಹುದು: ಪೈಪೋಟಿಯ ಶಾಲೆಯಲ್ಲಿ ನಮ್ಮ ಮಗು ಹಿಂದೆ ಬಿತ್ತು, ಯಾವುದೋ ಸಾಧಾರಣ ಶಾಲೆಯ ಹುಡುಗನಿಗೆ ಸೀಟು ಸಿಕ್ಕಿತು. ಆ ಸಾಧಾರಣ ಶಾಲೆ ಯಾವುದು? ಜಾಕ್ ಯೇಟ್ಸ್‌ನಂಥದ್ದು. ಥರ್ಡ್ ವಾರ್ಡ್‌ನ ಹಾಡು ನಮ್ಮ ಹಿತ್ತಲಿಗೆ ಬರಬಹುದು, ಥರ್ಡ್ ವಾರ್ಡ್‌ನ ಮಗು ಆಸ್ಟಿನ್‌ನ ತರಗತಿಗೆ ಬರಬಾರದು ಎಂದಾದರೆ ನಾವು ಆ ಸಂಗೀತವನ್ನು ಕೇಳಿಯೇ ಇಲ್ಲ.

ಈ ಆಗಸ್ಟಿನಲ್ಲಿ ಲಿಟಲ್ ಎಲ್ಮ್‌ನ ಎಷ್ಟೋ ಮಕ್ಕಳು ಆಸ್ಟಿನ್‌ಗೆ, ಹ್ಯೂಸ್ಟನ್‌ಗೆ ಸಾಮಾನು ಕಟ್ಟುತ್ತಾರೆ. ಹಾಸ್ಟೆಲಿನ ಪಕ್ಕದ ಮಂಚದಲ್ಲಿ ಯೇಟ್ಸ್‌ನಿಂದ ಬಂದ ಹುಡುಗನಿದ್ದರೆ ನಮ್ಮ ಮಗು ಅವನೊಡನೆ ಸ್ಕ್ರೂನ ಕ್ಯಾಸೆಟ್ಟಿನ ಬಗ್ಗೆ ಎರಡು ಮಾತು ಆಡಬಲ್ಲದಾಗಲಿ. ಅವನು ಹೇಳುವ ಓಣಿಯ ಕಥೆಯನ್ನು ನಿಧಾನವಾಗಿ ಕೇಳಿಸಿಕೊಳ್ಳಲಿ. ಅಲ್ಲಿಗೆ ಕಳಿಸುವ ಮುಂಚೆ ಅದರ ಅರ್ಧ ಕಥೆಯನ್ನಾದರೂ ಮನೆಯಲ್ಲಿ ಹೇಳಿಕೊಡುವುದು ನಮ್ಮ ಕೈಯಲ್ಲಿರುವ ಕೆಲಸ.